ವೆಂಡೆಲ್ ಸ್ಕಾಟ್: 495 ಸ್ಪರ್ಧೆ, ಒಂದೇ ಗೆಲುವು, ಕೈಸೇರದ ಟ್ರೋಫಿ

ಅಮೆರಿಕದ ಸ್ಟಾಕ್ ಕಾರ್ ರೇಸಿಂಗ್‌ನ ಅತ್ಯುನ್ನತ ದರ್ಜೆಯಲ್ಲಿ ಜಯಗಳಿಸಿದ ಪ್ರಥಮ ಕಪ್ಪುವರ್ಣೀಯ ಚಾಲಕ ವೆಂಡೆಲ್ ಸ್ಕಾಟ್. ಮಾರುಕಟ್ಟೆಯಲ್ಲಿ ದೊರೆಯುವ ಕಾರುಗಳನ್ನು ಹೋಲುವ ಕಾರುಗಳನ್ನು ಸ್ಪರ್ಧೆಗೆ ಅಣಿಗೊಳಿಸಿ, ಬಹುತೇಕ ಅಂಡಾಕಾರದ ಪಥಗಳಲ್ಲಿ ಓಡಿಸುವ ಈ ಕ್ರೀಡೆಯನ್ನು 1948ರಲ್ಲಿ ಸ್ಥಾಪನೆಯಾದ ನಾಸ್ಕಾರ್ ಸಂಸ್ಥೆ ನಡೆಸುತ್ತದೆ. ಸ್ಕಾಟ್ 1961ರಿಂದ 1973ರವರೆಗೆ ಈ ಸಂಸ್ಥೆಯ ಪ್ರಮುಖ ಸರಣಿಯಲ್ಲಿ 495 ಬಾರಿ ಕಣಕ್ಕಿಳಿದರು. ಚಾಲಕನ ಗಳಿಕೆಯೆಂದು ದಾಖಲಾಗುವ ಮೊತ್ತಕ್ಕೂ ಆತನ ಕೈಯಲ್ಲಿ ಉಳಿಯುವ ಹಣಕ್ಕೂ ಇರುವ ಅಂತರವನ್ನು ಅವರ ವೃತ್ತಿಜೀವನ ಸ್ಪಷ್ಟವಾಗಿ ತೋರಿಸುತ್ತದೆ.

ಆರಂಭ

ಸ್ಕಾಟ್ ಜನಿಸಿದ್ದು 1921ರ ಆಗಸ್ಟ್ 29ರಂದು, ವರ್ಜೀನಿಯಾ ರಾಜ್ಯದ ಡ್ಯಾನ್‌ವಿಲ್ ಪಟ್ಟಣದಲ್ಲಿ. ಎರಡನೇ ಮಹಾಯುದ್ಧದ ಕಾಲದಲ್ಲಿ ಸೇನೆಯಲ್ಲಿ ಸೇವೆ ಸಲ್ಲಿಸಿದರು. ಟ್ಯಾಕ್ಸಿ ಓಡಿಸಿದರು, ಗ್ಯಾರೇಜ್ ನಡೆಸಿದರು. ಜತೆಗೆ ರಾತ್ರಿ ವೇಳೆ ಕಳ್ಳಬಟ್ಟಿ ಸಾಗಿಸುತ್ತಿದ್ದರು. 1952ರಲ್ಲಿ ಸ್ಥಳೀಯ ರೇಸ್ ಸಂಘಟಕರು ಪ್ರೇಕ್ಷಕರನ್ನು ಸೆಳೆಯಲು ಕಪ್ಪುವರ್ಣೀಯ ಚಾಲಕನೊಬ್ಬನನ್ನು ಅರಸಿದಾಗ, ಅವರ ಹೆಸರನ್ನು ಸೂಚಿಸಿದವರು ಅವರನ್ನು ಬೆನ್ನಟ್ಟುತ್ತಿದ್ದ ಪೊಲೀಸರೇ! 1959ರಲ್ಲಿ ವರ್ಜೀನಿಯಾ ರಾಜ್ಯಮಟ್ಟದ ಪ್ರಶಸ್ತಿ ಗೆದ್ದ ಸ್ಕಾಟ್, 1961ರ ಮಾರ್ಚ್‌ನಲ್ಲಿ ನಾಸ್ಕಾರ್‌ನ ಪ್ರಮುಖ ಸರಣಿಗೆ ಕಾಲಿರಿಸಿದರು.

ಜ್ಯಾಕ್ಸನ್‌ವಿಲ್ ವಿವಾದ

1963ರ ಡಿಸೆಂಬರ್ 1ರಂದು ಫ್ಲೋರಿಡಾದ ಜ್ಯಾಕ್ಸನ್‌ವಿಲ್‌ನಲ್ಲಿ, ಅರ್ಧ ಮೈಲಿಯ ಮಣ್ಣಿನ ಪಥದಲ್ಲಿ 200 ಸುತ್ತಿನ ಸ್ಪರ್ಧೆ ನಡೆಯಿತು. ಸ್ಕಾಟ್ ಎಲ್ಲರಿಗಿಂತ ಎರಡು ಸುತ್ತು ಮುಂದಿದ್ದರೂ ವಿಜಯದ ಬಾವುಟ ಅವರಿಗೆ ಬೀಸಲಿಲ್ಲ. ಬಕ್ ಬೇಕರ್ ವಿಜೇತರೆಂದು ಘೋಷಣೆಯಾಯಿತು. ಸ್ಕಾಟ್ ಆಕ್ಷೇಪಿಸಿದ ಬಳಿಕ ಸುತ್ತುಗಳ ಮರು ಎಣಿಕೆ ನಡೆಯಿತು. ಕೆಲವು ಗಂಟೆಗಳ ನಂತರ ಅಧಿಕಾರಿಗಳು ಅವರೇ ಗೆದ್ದವರೆಂದು ಒಪ್ಪಿಕೊಂಡರು. ಅಷ್ಟರಲ್ಲಿ ಪ್ರೇಕ್ಷಕರು ಮನೆ ಸೇರಿದ್ದರು, ಟ್ರೋಫಿ ಬೇಕರ್ ಜತೆ ಹೋಗಿತ್ತು. ಬಹುಮಾನದ ಹಣ ಸ್ಕಾಟ್‌ಗೆ ಸಂದಿತಾದರೂ ಅಂದಿನ ಟ್ರೋಫಿ ಅವರ ಕೈಸೇರಲೇ ಇಲ್ಲ. ಬಿಳಿಯ ಸುಂದರಿಯೊಬ್ಬಳು ವಿಜಯವೇದಿಕೆಯಲ್ಲಿ ಕಪ್ಪುವರ್ಣೀಯನನ್ನು ಅಭಿನಂದಿಸುವ ದೃಶ್ಯವನ್ನು ತಪ್ಪಿಸಲೆಂದೇ ಹೀಗೆ ಮಾಡಲಾಯಿತು ಎಂಬುದು ಸ್ಕಾಟ್ ಅವರ ದೃಢ ನಂಬಿಕೆಯಾಗಿತ್ತು.

ಗಳಿಕೆಯ ಲೆಕ್ಕ

ಒಂದು ಗೆಲುವು, ಮೊದಲ ಐದರೊಳಗೆ 20 ಬಾರಿ, ಮೊದಲ ಹತ್ತರೊಳಗೆ 147 ಬಾರಿ ಸ್ಥಾನ, 1966ರಲ್ಲಿ ವಾರ್ಷಿಕ ಪಟ್ಟಿಯಲ್ಲಿ ಆರನೆಯ ಸ್ಥಾನ: ಇದು ಸ್ಕಾಟ್ ಸಾಧನೆ. ಇವೆಲ್ಲಕ್ಕೆ ದೊರೆತ ಒಟ್ಟು ಬಹುಮಾನ ಸುಮಾರು 1 ಲಕ್ಷ 80 ಸಾವಿರ ಡಾಲರ್. ಅಂದರೆ ಪ್ರತಿ ಸ್ಪರ್ಧೆಗೆ ಸರಾಸರಿ 400 ಡಾಲರ್‌ಗೂ ಕಡಿಮೆ.

ಈ ಮೊತ್ತವೂ ಅವರಿಗೆ ಪೂರ್ಣವಾಗಿ ಉಳಿಯುತ್ತಿರಲಿಲ್ಲ. ದೊಡ್ಡ ತಂಡಗಳಲ್ಲಿ ಕಾರು, ಎಂಜಿನ್, ಟೈರ್, ಪ್ರಯಾಣದ ವೆಚ್ಚವನ್ನು ಮಾಲೀಕರು ಮತ್ತು ಪ್ರಾಯೋಜಕರು ಭರಿಸುತ್ತಾರೆ. ಚಾಲಕನಿಗೆ ಸಂಬಳದೊಂದಿಗೆ ಬಹುಮಾನದಲ್ಲಿ ಪಾಲು ಸಿಗುತ್ತದೆ. ಸ್ಕಾಟ್ ಅವರಾದರೋ ತಾವೇ ಮಾಲೀಕ, ತಾವೇ ಚಾಲಕ, ತಾವೇ ಮೆಕ್ಯಾನಿಕ್. ಪುತ್ರರೇ ಸಹಾಯಕ ಸಿಬ್ಬಂದಿ. ಹಳೆಯ ಕಾರು, ಬಳಸಿದ ಬಿಡಿಭಾಗಗಳೇ ಗತಿ. ಒಂದು ಸ್ಪರ್ಧೆಯ ಬಹುಮಾನ ಮುಂದಿನ ಸ್ಪರ್ಧೆಯ ಖರ್ಚಿಗೆ ಹೋಗುತ್ತಿತ್ತು. ಎಂಜಿನ್ ಉಳಿಸಿಕೊಂಡು ಸ್ಪರ್ಧೆ ಮುಗಿಸುವುದೇ ಅವರ ಪಾಲಿಗೆ ಲಾಭದಾಯಕವಾಗಿತ್ತು.

ಟಿವಿ ಪ್ರಸಾರದ ಹಕ್ಕು ಮತ್ತು ಪ್ರಾಯೋಜಕತ್ವದಿಂದ ಬಹುಮಾನದ ಮೊತ್ತ ಮುಂದೆ ಗಗನಕ್ಕೇರಿತು. 1998ರ ಡೇಟೋನಾ 500 ಸ್ಪರ್ಧೆಯೊಂದರಲ್ಲೇ ಡೇಲ್ ಅರ್ನ್‌ಹಾರ್ಟ್ 10 ಲಕ್ಷ ಡಾಲರ್‌ಗೂ ಹೆಚ್ಚು ಪಡೆದರು. ಅದು ಸ್ಕಾಟ್ ಜೀವಮಾನವಿಡೀ ಗಳಿಸಿದ ಬಹುಮಾನದ ಐದು ಪಟ್ಟಿಗೂ ಅಧಿಕ.

ಅಪಘಾತ, ಅಂತ್ಯ

ಉತ್ತಮ ಕಾರಿದ್ದರೆ ಗೆಲ್ಲಬಹುದೆಂದು ಸ್ಕಾಟ್ ಸಾಲ ಮಾಡಿ ಮರ್ಕ್ಯುರಿ ಕಾರು ಕೊಂಡರು. 1973ರ ಮೇ ತಿಂಗಳಲ್ಲಿ ಅಲಬಾಮಾದ ಟಾಲಡೇಗಾ ಪಥದಲ್ಲಿ ಸಂಭವಿಸಿದ ಸರಣಿ ಅಪಘಾತದಲ್ಲಿ ಆ ಕಾರು ನುಜ್ಜುಗುಜ್ಜಾಯಿತು. ಸ್ಕಾಟ್ ತೀವ್ರವಾಗಿ ಗಾಯಗೊಂಡರು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಕೊನೆಯ ಸ್ಪರ್ಧೆ ಓಡಿಸಿ ಗ್ಯಾರೇಜ್ ಕೆಲಸಕ್ಕೆ ಮರಳಿದರು. 1977ರಲ್ಲಿ ಅವರ ಜೀವನವನ್ನು ಆಧರಿಸಿದ 'ಗ್ರೀಸ್ಡ್ ಲೈಟ್ನಿಂಗ್' ಚಲನಚಿತ್ರ ತೆರೆಕಂಡಿತು. 1990ರ ಡಿಸೆಂಬರ್ 23ರಂದು ಅವರು ನಿಧನರಾದರು.

ಮರಣೋತ್ತರ ಗೌರವ

2015ರಲ್ಲಿ ಸ್ಕಾಟ್ ನಾಸ್ಕಾರ್ ಹಾಲ್ ಆಫ್ ಫೇಮ್‌ಗೆ ಸೇರ್ಪಡೆಗೊಂಡ ಪ್ರಥಮ ಕಪ್ಪುವರ್ಣೀಯರಾದರು. 2021ರ ಆಗಸ್ಟ್‌ನಲ್ಲಿ ಡೇಟೋನಾದಲ್ಲಿ ಸಂಸ್ಥೆಯು ಜ್ಯಾಕ್ಸನ್‌ವಿಲ್ ಗೆಲುವಿನ ಟ್ರೋಫಿಯನ್ನು ಅವರ ಕುಟುಂಬಕ್ಕೆ ಒಪ್ಪಿಸಿತು. ಅದೇ ವರ್ಷ ಅಕ್ಟೋಬರ್ 4ರಂದು, ಸ್ಕಾಟ್ ಗಾಯಗೊಂಡಿದ್ದ ಟಾಲಡೇಗಾದಲ್ಲೇ ಬುಬ್ಬಾ ವ್ಯಾಲೇಸ್ ಜಯಗಳಿಸಿ, ಈ ಸರಣಿಯಲ್ಲಿ ಗೆದ್ದ ಎರಡನೆಯ ಕಪ್ಪುವರ್ಣೀಯ ಚಾಲಕರೆನಿಸಿದರು. ಎರಡು ಗೆಲುವುಗಳ ನಡುವಿನ ಅಂತರ ಸುಮಾರು 58 ವರ್ಷ.