ಕಾರವಾರದ ಮೀನಿನಲ್ಲಿ ವಿಕಿರಣ: ಅಳೆಯೋದು ಹೇಗೆ, ಅಳೆಯೋರು ಯಾರು?

ಸರಸ್ವತಿಪುರಂನಲ್ಲಿ ಬಂಗಡೆ ಫ್ರೈ ಮುಂದಿಟ್ಟುಕೊಂಡು ಕೂತಿದ್ದಾಗ ಗೆಳೆಯ ಕೇಳಿದ: ‘ಕಾರವಾರದ್ದಂತೆ. ಪಕ್ಕದಲ್ಲೇ ಕೈಗಾ ಇದೆಯಲ್ಲ, ತಿನ್ನಬಹುದಾ?’

ಕೈಗಾದಲ್ಲಿ ತಲಾ 220 ಮೆಗಾವ್ಯಾಟ್‌ನ ನಾಲ್ಕು ಭಾರಜಲ ರಿಯಾಕ್ಟರ್‌ಗಳಿವೆ. ತಂಪಾಗಿಸಲು ಕದ್ರಾ ಜಲಾಶಯದ ನೀರು. ಅದೇ ಕಾಳಿ ನದಿ ಕಾರವಾರದ ಬಳಿ ಸಮುದ್ರ ಸೇರುತ್ತೆ. ಹಾಗಾಗಿ ಸುತ್ತಲಿನ ನೀರು, ಬೆಳೆ, ಹಾಲು, ಮೀನನ್ನು ಅಲ್ಲಿನ ಪರಿಸರ ಸಮೀಕ್ಷಾ ಪ್ರಯೋಗಾಲಯ ಪರೀಕ್ಷಿಸುತ್ತದೆ.

ವಿಡಿಯೋಗಳಲ್ಲಿ ಮೀನಿನ ಮೇಲೆ ಗೈಗರ್ ಕೌಂಟರ್ ಹಿಡೀತಾರಲ್ಲ, ಇಷ್ಟು ಕಡಿಮೆ ಮಟ್ಟಕ್ಕೆ ಅದು ದಂಡ. ಮೀನನ್ನು ಒಣಗಿಸಿ, ಹದವಾದ ಶಾಖದಲ್ಲಿ ಬೂದಿ ಮಾಡಿ (ಜಾಸ್ತಿಯಾದರೆ ಸೀಸಿಯಂ ಆವಿಯಾಗಿ ಹೋಗುತ್ತೆ), ಸೀಸದ ಗೋಡೆಯೊಳಗಿನ ಜರ್ಮೇನಿಯಂ ಡಿಟೆಕ್ಟರ್ ಮೇಲೆ ಗಂಟೆಗಟ್ಟಲೆ ಇಡಬೇಕು. ಸೀಸಿಯಂ-137 ಇದ್ದರೆ 662 ಕಿಲೋ ಎಲೆಕ್ಟ್ರಾನ್‌ವೋಲ್ಟ್‌ನಲ್ಲಿ ಅದರ ಗುರುತು ಕಾಣುತ್ತೆ. ಒಟ್ಟು ವಿಕಿರಣ ಅಳೆದರೆ ಸಾಲದು. ಸ್ಥಾವರ ಇರಲಿ ಬಿಡಲಿ, ಸಮುದ್ರದ ಮೀನಿನಲ್ಲಿ ನೈಸರ್ಗಿಕ ಪೊಲೋನಿಯಂ-210 ಇದ್ದೇ ಇರುತ್ತೆ.

ಭಾರಜಲ ರಿಯಾಕ್ಟರ್‌ನ ವಿಶೇಷ ಟ್ರಿಟಿಯಂ. ಅದು ಗಾಮಾ ಸೂಸಲ್ಲ, ಈ ಯಂತ್ರಕ್ಕೆ ಕಾಣೋದೇ ಇಲ್ಲ. ಮೀನಿನೊಳಗಿನ ನೀರನ್ನೇ ಬೇರ್ಪಡಿಸಿ ಬೇರೆ ವಿಧಾನದಲ್ಲಿ ಅಳೆಯಬೇಕು. 2009ರಲ್ಲಿ ಕೈಗಾ ಸ್ಥಾವರದೊಳಗಿನ ಕುಡಿಯುವ ನೀರಿನ ಕೂಲರ್‌ಗೆ ಟ್ರಿಟಿಯಂ ಸೇರಿದ್ದು ಗೊತ್ತಾಗಿದ್ದು ನೌಕರರ ಮೂತ್ರ ಪರೀಕ್ಷೆಯಿಂದ.

ಇನ್ನು ಲೆಕ್ಕ. ಫುಕುಶಿಮಾ ನಂತರ ಜಪಾನ್ ಸಾಮಾನ್ಯ ಆಹಾರಕ್ಕೆ ಇಟ್ಟ ಸೀಸಿಯಂ ಮಿತಿ ಕಿಲೋಗೆ 100 ಬೆಕೆರೆಲ್. ಅಷ್ಟಿರುವ ಮೀನನ್ನು ವರ್ಷಕ್ಕೆ 20 ಕಿಲೋ ತಿಂದಿರಿ ಅಂದುಕೊಳ್ಳಿ: 2000 ಬೆಕೆರೆಲ್. ವಯಸ್ಕರಿಗೆ ಒಂದು ಬೆಕೆರೆಲ್ ಸೀಸಿಯಂ-137ಗೆ 0.013 ಮೈಕ್ರೋಸೀವರ್ಟ್, ಒಟ್ಟು 26. ಸ್ಥಾವರಗಳಿಂದ ಸಾರ್ವಜನಿಕರಿಗೆ ತಗಲಬಹುದಾದ ವಾರ್ಷಿಕ ಮಿತಿ 1000. ಅಂದರೆ, ಪ್ಯಾನಿಕ್ ಆಗೋ ಮೊದಲು ಗುಣಾಕಾರ ಮಾಡಿ.

ಆದರೆ ಗುಣಿಸಲು ಅಂಕಿ ಬೇಕಲ್ಲ? ‘ಪತ್ತೆ ಮಿತಿಗಿಂತ ಕಡಿಮೆ’ ಅಂದರೆ ಸೊನ್ನೆ ಅಲ್ಲ. ಎಷ್ಟು ಮೀನು, ಎಷ್ಟು ಹೊತ್ತು ಅಳೆದರು ಅನ್ನೋದರ ಮೇಲೆ ಆ ಮಿತಿಯೇ ಬದಲಾಗುತ್ತೆ. ಜೊತೆಗೆ, ಸ್ಥಾವರ ನಡೆಸುವ ಎನ್‌ಪಿಸಿಐಎಲ್, ಮೀನು ಅಳೆಯುವ ಬಾರ್ಕ್ ಎರಡೂ ಅಣುಶಕ್ತಿ ಇಲಾಖೆಯವು. ನಿಯಂತ್ರಕ ಎಇಆರ್‌ಬಿ ವರದಿ ಒಪ್ಪಿಸುವ ಅಣುಶಕ್ತಿ ಆಯೋಗಕ್ಕೆ ಅದೇ ಇಲಾಖೆಯ ಕಾರ್ಯದರ್ಶಿ ಅಧ್ಯಕ್ಷರು. ಇದು ಅಳತೆ ಸುಳ್ಳು ಅನ್ನೋದಕ್ಕೆ ಪುರಾವೆಯಲ್ಲ, ಆದರೆ ನಂಬಿ ಅಂತ ಕೇಳೋಕೆ ಒಳ್ಳೆ ವ್ಯವಸ್ಥೆಯೂ ಅಲ್ಲ.

ಕೈಗಾಕ್ಕೆ 700 ಮೆಗಾವ್ಯಾಟ್‌ನ ಇನ್ನೆರಡು ಘಟಕಗಳು ಬರಲಿವೆ. ಮಂಗಳೂರು ವಿವಿಯಲ್ಲಿ ಪರಿಸರ ವಿಕಿರಣಶೀಲತೆಗೆಂದೇ ಸಂಶೋಧನಾ ಕೇಂದ್ರವಿದೆ. ಅಂಥ ಹೊರಗಿನ ಲ್ಯಾಬ್‌ಗಳೂ ಅದೇ ಮೀನನ್ನು ಅಳೆಯಲಿ. ಜಾತಿ, ಹಿಡಿದ ಜಾಗ, ತಿಂಗಳು, ಪತ್ತೆ ಮಿತಿ ಸಮೇತ ಅಂಕಿಗಳು ಹೊಸ ಘಟಕ ಶುರುವಾಗುವ ಮೊದಲೇ ಆನ್‌ಲೈನ್‌ಗೆ ಬರಲಿ. ಗೆಳೆಯನಿಗೆ ಈ ಲೆಕ್ಕ ಹೇಳಿದೆ. ಬಂಗಡೆ ತಿಂದೆವು.