ಇಪ್ಪತ್ತು ಸಾವು, ಇಪ್ಪತ್ತು ಫೈಲು

ಸಯನೈಡ್ ಮೋಹನ್ ಅಂದ ಕೂಡಲೇ ಜನ ಹೇಳೋದು ಒಂದೇ ಮಾತು: ಮಹಾ ಚಾಲಾಕಿ ಕಣ್ರೀ, ಅಷ್ಟು ವರ್ಷ ಸಿಕ್ಕಿಬೀಳಲೇ ಇಲ್ಲ! ನಿಜಕ್ಕೂ ಅವನು ಅಷ್ಟು ಬುದ್ಧಿವಂತನಾ? ಹಳೇ ಕಡತ ತಿರುವಿದರೆ ಸಿಗುವ ಉತ್ತರ ಬೇರೆ.

ದಕ್ಷಿಣ ಕನ್ನಡದ ಒಬ್ಬ ಪ್ರೈಮರಿ ಶಾಲೆಯ ಪಿ.ಟಿ. ಮೇಷ್ಟ್ರು. 2003ರಿಂದ 2009ರ ನಡುವೆ 20 ಮಹಿಳೆಯರನ್ನು ಕೊಂದ ಆರೋಪ ಅವನ ಮೇಲೆ. ಮಾಡಿದ್ದೆಲ್ಲ ಒಂದೇ ರೀತಿ. ಬಡ ಮನೆಯ, ಮದುವೆಯಾಗದ ಹೆಣ್ಣುಮಗಳ ಪರಿಚಯ ಮಾಡಿಕೊಳ್ಳೋದು. ವರದಕ್ಷಿಣೆ ಬೇಡ, ಮದುವೆ ಆಗ್ತೀನಿ ಅನ್ನೋದು. ದೂರದ ಊರಿನ ಲಾಡ್ಜಿಗೆ ಕರೆದೊಯ್ಯೋದು. ಮರುದಿನ ಒಡವೆಯನ್ನು ರೂಮಿನಲ್ಲೇ ಬಿಡಿಸಿ, ಬಸ್ ಸ್ಟ್ಯಾಂಡಿಗೆ ಕರೆತಂದು, ಗರ್ಭ ನಿಲ್ಲದಿರಲಿ ಅಂತ ಒಂದು ಮಾತ್ರೆ ಕೊಡೋದು. ಆಕೆ ಟಾಯ್ಲೆಟ್ಟಿಗೆ ಹೋಗಿ ನುಂಗಿದರೆ ಮುಗೀತು. ಅದರಲ್ಲಿದ್ದದ್ದು ಸಯನೈಡ್.

ಈಗ ನೀವೇ ಯೋಚನೆ ಮಾಡಿ. ಹೆಣ ಸಿಕ್ಕಿದ್ದು ಮೈಸೂರು, ಬೆಂಗಳೂರು, ಮಡಿಕೇರಿ, ಹಾಸನದಂಥ ಊರುಗಳಲ್ಲಿ. ಮಗಳಿಗಾಗಿ ಅಪ್ಪ ಅಮ್ಮ ಕಾದು ಕೂತಿದ್ದು ಕರಾವಳಿಯ ಹಳ್ಳಿಯಲ್ಲಿ. ಅಲ್ಲಿನ ಠಾಣೆಗೆ ಕಂಡದ್ದು ಒಳಗಿನಿಂದ ಚಿಲಕ ಹಾಕಿದ ಬಾಗಿಲು, ಗುರುತಿಲ್ಲದ ಶವ. ಅಸಹಜ ಸಾವು ಅಂತ ಒಂದು ಫೈಲು. ಇಲ್ಲಿ ಕೆಲವು ಮನೆಯವರು ಮಾನಕ್ಕೆ ಹೆದರಿ ದೂರನ್ನೇ ಕೊಡಲಿಲ್ಲ. ಕೊಟ್ಟಿದ್ದರೆ ನಾಪತ್ತೆ ಅಂತ ಇನ್ನೊಂದು ಫೈಲು. ಈ ಎರಡು ಫೈಲುಗಳು ಒಂದೇ ಮೇಜಿಗೆ ಬರಲೇ ಇಲ್ಲ. ಘಟ್ಟದ ಮೇಲೆ ಹೆಸರಿಲ್ಲದ ಹೆಣ, ಘಟ್ಟದ ಕೆಳಗೆ ಹೆಣವಿಲ್ಲದ ಹೆಸರು. ಮೋಹನ್ ಬದುಕಿದ್ದು ಈ ಎರಡರ ನಡುವಿನ ಸಂದಿಯಲ್ಲಿ.

ಹಾಗಾದರೆ ಸಿಕ್ಕಿಬಿದ್ದದ್ದು ಹೇಗೆ? 2009ರಲ್ಲಿ ಬಂಟ್ವಾಳ ತಾಲೂಕಿನ ಯುವತಿಯೊಬ್ಬಳು ಕಾಣೆಯಾದಳು. ಈ ಸಲ ಊರವರು ಸುಮ್ಮನಿರಲಿಲ್ಲ, ಬೀದಿಗೆ ಇಳಿದರು. ಪೊಲೀಸರು ಆಕೆಯ ಫೋನ್ ಕರೆಗಳ ಜಾಡು ಹಿಡಿದರು. ಆ ಜಾಡಿನಲ್ಲೇ ಕಾಣೆಯಾದ ಇನ್ನೊಬ್ಬ ಹೆಣ್ಣುಮಗಳ ಸುಳಿವು ಸಿಕ್ಕಿತು. ಅಕ್ಟೋಬರಿನಲ್ಲಿ ಮೋಹನ್ ಅರೆಸ್ಟ್. 2013ರಲ್ಲಿ ಮಂಗಳೂರಿನ ಕೋರ್ಟು ಗಲ್ಲುಶಿಕ್ಷೆ ಕೊಟ್ಟಿತು. 2017ರಲ್ಲಿ ಹೈಕೋರ್ಟು ಒಂದು ಕೇಸಿನಲ್ಲಿ ಅದನ್ನು ಜೀವಾವಧಿಗೆ ಇಳಿಸಿತು. ಇಪ್ಪತ್ತನೇ ಕೇಸಿನ ತೀರ್ಪು ಬರುವ ಹೊತ್ತಿಗೆ 2020!

ಇದೆಲ್ಲ ನಮ್ಮ ದೇಶದ ಹಣೆಬರಹ ಅಂದ್ಕೋಬೇಡಿ. ಸ್ಕಾಟ್ಲೆಂಡ್ ಯಾರ್ಡ್ ಅಂತ ನಾವು ಹೊಗಳುವ ಬ್ರಿಟನ್ನಿನ ಕಥೆ ಕೇಳಿ. ಪೀಟರ್ ಸಟ್‌ಕ್ಲಿಫ್ ಒಬ್ಬ ಲಾರಿ ಡ್ರೈವರ್. 1975ರಿಂದ 1980ರವರೆಗೆ 13 ಮಹಿಳೆಯರನ್ನು ಕೊಂದ. ಯಾರ್ಕ್‌ಷೈರ್ ಪೊಲೀಸರು ಅವನನ್ನು ವಿಚಾರಿಸಿದ್ದು ಎಷ್ಟು ಸಲ ಗೊತ್ತಾ? 9 ಸಲ. ಒಂಬತ್ತು ಸಲವೂ ಬಿಟ್ಟು ಕಳಿಸಿದರು. ಮಾಹಿತಿ ಕೈಯಲ್ಲೇ ಇತ್ತು, ಕಾರ್ಡುಗಳ ರಾಶಿಯಲ್ಲಿ ಹೂತುಹೋಗಿತ್ತು. 1979ರಲ್ಲಿ ಯಾರೋ ಒಬ್ಬ ನಾನೇ ಕೊಲೆಗಾರ ಅಂತ ಸುಳ್ಳು ಕ್ಯಾಸೆಟ್ ಕಳಿಸಿದ. ತನಿಖೆ ಆ ಧ್ವನಿಯ ಬೆನ್ನು ಹತ್ತಿತು. ಸತ್ತವರಲ್ಲಿ ಹಲವರು ವೇಶ್ಯೆಯರು ಅನ್ನೋ ತಾತ್ಸಾರ ಬೇರೆ. ಕೊನೆಗೆ 1981ರ ಜನವರಿಯಲ್ಲಿ ಸಿಕ್ಕಿದ್ದು ಕಾರಿನ ನಕಲಿ ನಂಬರ್ ಪ್ಲೇಟಿನಿಂದ!

ಆ ಪೆಟ್ಟು ತಿಂದ ಮೇಲೆ ಬ್ರಿಟನ್ ದೊಡ್ಡ ಕೇಸುಗಳ ಮಾಹಿತಿಯನ್ನೆಲ್ಲ ಒಂದೆಡೆ ಸೇರಿಸುವ ಹೋಮ್ಸ್ ಅನ್ನೋ ಕಂಪ್ಯೂಟರ್ ವ್ಯವಸ್ಥೆ ತಂದಿತು. ನಮ್ಮಲ್ಲಿ ದೇಶದ ಠಾಣೆಗಳನ್ನು ಬೆಸೆಯುವ ಸಿಸಿಟಿಎನ್ಎಸ್ ಯೋಜನೆಗೆ ಕೇಂದ್ರ ಒಪ್ಪಿಗೆ ಕೊಟ್ಟಿದ್ದು 2009ರಲ್ಲಿ. ಮೋಹನ್ ಸಿಕ್ಕಿದ್ದೂ ಅದೇ ವರ್ಷ.

ಕಂಪ್ಯೂಟರ್ ಬಂದರೆ ಸಾಕಾ? ಅದಕ್ಕೆ ಮಾಹಿತಿ ತುಂಬಬೇಕಾದವನು ಮೇಜಿನ ಹಿಂದೆ ಕೂತ ಮನುಷ್ಯ. ಬೀಡಿ ಕಟ್ಟುವ ತಾಯಿಯೊಬ್ಬಳು ಬಂದು, ಮಗಳು ಮನೆಗೆ ಬಂದಿಲ್ಲ ಸಾರ್ ಅಂದಾಗ, ಯಾರ ಜೊತೆಗೋ ಓಡಿಹೋಗಿರಬೇಕು ಹೋಗಮ್ಮ ಅಂದುಬಿಟ್ಟರೆ ಯಾವ ಕಂಪ್ಯೂಟರಿಗೂ ಏನೂ ಗೊತ್ತಾಗೋದಿಲ್ಲ. ಕೊಲೆಗಾರರು ಆರಿಸಿಕೊಳ್ಳೋದು ಕೇಳುವವರಿಲ್ಲದವರನ್ನೇ. ಬಂಟ್ವಾಳದಲ್ಲಿ ಜನ ಕೇಳಿದರು, ಅವನು ಸಿಕ್ಕಿಬಿದ್ದ. ಉಳಿದವರಿಗಾಗಿ ಆರು ವರ್ಷ ಕೇಳಿದವರು ಯಾರು?