ಕೊಳ್ಳುವವರು ಬೇರೆ, ದುಡ್ಡು ಕೊಡುವವರು ಬೇರೆ

ಸಂತೆಯಲ್ಲಿ ಚೌಕಾಸಿ ಮಾಡುವುದು, ದುಡ್ಡು ಎಣಿಸಿ ಕೊಡುವುದು, ಚೀಲ ಹೊತ್ತು ತರುವುದು ಎಲ್ಲ ಒಬ್ಬರದೇ ಕೆಲಸ. ದೊಡ್ಡ ಕಂಪನಿಯಲ್ಲಿ ಇದಕ್ಕೆ ಬೇರೆ ಬೇರೆ ಜನ. ಹೀಗೇಕೆ ಅಂತ ತಿಳಿಯಲು ರೈಲಿನ ಕಾಲಕ್ಕೆ ಹೋಗಬೇಕು.

ಅಮೆರಿಕದ ಪೆನ್ಸಿಲ್ವೇನಿಯಾ ರೈಲ್‌ರೋಡ್ ಕಂಪನಿ 1866ರಲ್ಲಿ ಖರೀದಿಗೆಂದೇ ಒಂದು ವಿಭಾಗ ಮಾಡಿತು. ಹಳಿ, ಮರದ ಸ್ಲೀಪರ್, ಕಲ್ಲಿದ್ದಲು, ಎಣ್ಣೆ ಇವನ್ನೆಲ್ಲ ಒಂದೊಂದು ಸ್ಟೇಷನ್ನಿನವರು ತಮಗೆ ತೋಚಿದ ಹಾಗೆ ಕೊಂಡರೆ ಲೆಕ್ಕ ಸಿಗುವುದು ಹೇಗೆ? 1887ರಲ್ಲಿ ಮಾರ್ಷಲ್ ಕರ್ಕ್‌ಮನ್ ಎಂಬ ರೈಲ್ವೆ ಅಧಿಕಾರಿ ಇದರ ಮೇಲೆ ಪುಸ್ತಕವನ್ನೇ ಬರೆದರು. ಖರೀದಿ ಬಗ್ಗೆ ಬಂದ ಮೊದಲ ಪುಸ್ತಕ ಎಂದು ಸಾಮಾನ್ಯವಾಗಿ ಅದನ್ನೇ ಹೆಸರಿಸುತ್ತಾರೆ.

ಈಗಿನ ಕಾರ್ಖಾನೆಯಲ್ಲಿ ಸಾಮಾನು ಬೇಕಾದವರು ಇಂಡೆಂಟ್ ಹಾಕುತ್ತಾರೆ. ಬೈಯರ್ ನಾಲ್ಕು ಕಡೆ ಕೊಟೇಶನ್ ತರಿಸಿ ಪಿಒ ಕಳಿಸುತ್ತಾರೆ. ಉಕ್ಕಿಗೊಬ್ಬ ಬೈಯರ್, ಪ್ಲಾಸ್ಟಿಕ್ಕಿಗೊಬ್ಬ, ಲಾರಿ ಬಾಡಿಗೆ ಮತ್ತು ಕ್ಯಾಂಟೀನಿಗೆ ಇನ್ನೊಬ್ಬ. ಮಾಲು ಎಣಿಸಿ ಇಳಿಸಿಕೊಳ್ಳುವವರು ಸ್ಟೋರಿನವರು. ಪಿಒ, ಸ್ಟೋರಿನ ರಶೀದಿ, ಬಿಲ್ಲು ಮೂರೂ ತಾಳೆಯಾದರೆ ಮಾತ್ರ ಅಕೌಂಟ್ಸಿನವರು ದುಡ್ಡು ಬಿಡುತ್ತಾರೆ. ಕಳ್ಳತನ ಮಾಡಬೇಕಾದರೆ ಮೂವರು ಒಂದಾಗಬೇಕು. ಆಗುವುದಿಲ್ಲ ಅಂತ ನಾವು ಹೇಳುತ್ತಿಲ್ಲ.

ಈ ಗುಮಾಸ್ತರ ವಿಭಾಗಕ್ಕೆ ಎಷ್ಟು ಬಲವಿದೆ ಅಂತ ಜಗತ್ತಿಗೆ ತೋರಿಸಿದವರು ಸ್ಪೇನಿನ ಹೋಸೆ ಇಗ್ನಾಸಿಯೊ ಲೋಪೆಜ್. 1992ರಲ್ಲಿ ಭಾರಿ ನಷ್ಟದಲ್ಲಿದ್ದ ಜನರಲ್ ಮೋಟರ್ಸ್ ಅವರನ್ನು ಖರೀದಿ ಮುಖ್ಯಸ್ಥರನ್ನಾಗಿ ಮಾಡಿತು. ಹಳೆಯ ಒಪ್ಪಂದಗಳನ್ನು ಬದಿಗಿಟ್ಟು, ಬಿಡಿಭಾಗ ಕೊಡುವವರಿಗೆಲ್ಲ ರೇಟು ಇಳಿಸಿ ಅಂದರು. ತಮ್ಮ ಕೈಕೆಳಗಿನವರನ್ನು ಯೋಧರು ಅಂತ ಕರೆದರು, ಏನು ತಿನ್ನಬೇಕು ಅಂತಲೂ ಹೇಳಿದರು, ಕಂಪನಿ ಲಾಭಕ್ಕೆ ಬರುವ ತನಕ ವಾಚನ್ನು ಬಲಗೈಗೆ ಕಟ್ಟಿಸಿದರು! 1993ರಲ್ಲಿ ಫೋಕ್ಸ್‌ವ್ಯಾಗನ್ ಸೇರಿದಾಗ, ಗುಟ್ಟಿನ ಕಾಗದ ಒಯ್ದರು ಎಂದು ಜನರಲ್ ಮೋಟರ್ಸ್ ಆರೋಪಿಸಿತು. ಅವರು ಅದನ್ನು ಒಪ್ಪಲಿಲ್ಲ. 1997ರಲ್ಲಿ ಫೋಕ್ಸ್‌ವ್ಯಾಗನ್ 10 ಕೋಟಿ ಡಾಲರ್ ಕೊಟ್ಟು ರಾಜಿಯಾಯಿತು. ಏಳು ವರ್ಷಗಳಲ್ಲಿ 100 ಕೋಟಿ ಡಾಲರಿನ ಬಿಡಿಭಾಗ ಕೊಳ್ಳುವುದಾಗಿಯೂ ಒಪ್ಪಿತು.

ಜಪಾನಿನ ಟೊಯೊಟಾದ ದಾರಿ ಬೇರೆ. ಸರಬರಾಜುದಾರರನ್ನು ವರ್ಷಗಟ್ಟಲೆ ಇಟ್ಟುಕೊಂಡು, ಖರ್ಚು ಎಲ್ಲಿ ಉಳಿಸಬಹುದು ಅಂತ ಹೇಳಿಕೊಡಲು ತನ್ನ ಎಂಜಿನಿಯರುಗಳನ್ನೇ ಕಳಿಸುತ್ತದೆ. ಬಿಡದಿಯಲ್ಲಿ 1999ರ ಡಿಸೆಂಬರಿನಲ್ಲಿ ಕಾರು ತಯಾರಾಗತೊಡಗಿದಾಗ, ಸುತ್ತಮುತ್ತ ಬಿಡಿಭಾಗದ ಕಾರ್ಖಾನೆಗಳೂ ಬಂದವು. ಆದರೆ ಅಲ್ಲೂ ದರದ ಒತ್ತಡ ಇದ್ದೇ ಇದೆ. ಯಾವ ಕಂಪನಿಯೇ ಆಗಲಿ, ಬೈಯರ್ ಎರಡು ರೂಪಾಯಿ ಇಳಿಸಿದರೆ ಅದು ಕೊನೆಗೆ ಗುತ್ತಿಗೆ ಹುಡುಗನ ಓಟಿಯಲ್ಲಿ ಕಡಿತವಾಗಬಹುದು. ಈ ಲೆಕ್ಕ ಯಾವ ಪಿಒದಲ್ಲೂ ಇರುವುದಿಲ್ಲ.

ಊರಲ್ಲಿ ಲೇತ್ ಹಾಕಿಕೊಂಡೋ, ಪ್ಯಾಕಿಂಗ್ ಡಬ್ಬ ಮಾಡಿಕೊಂಡೋ ಕಂಪನಿಗೆ ಮಾಲು ಕೊಡುವವರು ಗಮನಿಸಿ. 2006ರ ಎಂಎಸ್‌ಎಂಇಡಿ ಕಾಯ್ದೆ ಪ್ರಕಾರ, ಲಿಖಿತ ಒಪ್ಪಂದವಿದ್ದರೂ ಮಾಲು ಒಪ್ಪಿಕೊಂಡ ಮೇಲೆ 45 ದಿನದೊಳಗೆ ನಿಮ್ಮ ಹಣ ಬರಬೇಕು. ಒಪ್ಪಂದವಿಲ್ಲದಿದ್ದರೆ 15 ದಿನ. ಉದ್ಯಮ್ ನೋಂದಣಿ ಮಾಡಿಸಿಕೊಂಡಿರಿ. ಸ್ಟೋರಿನವರು ಸೀಲು ಹಾಕಿ ತಾರೀಕು ಬರೆದ ಚಲನ್ ಜೋಪಾನವಾಗಿಡಿ, ದಿನದ ಎಣಿಕೆಗೆ ಅದೇ ಆಧಾರ.